ಡಬ್ಬಿಯೊಳಗಿನ ಎದುರಾಳಿ

ನಾಗರಪಂಚಮಿಯ ಮರುದಿನ ನ್ಯಾಮತಿ ತಾಲ್ಲೂಕಿನ ಹಳ್ಳಿಯೊಂದರಲ್ಲಿ, ನಂಟರ ಮನೆಯ ಜಗಲಿಯ ಮೇಲೆ ನನ್ನ ಕಿವಿಗೆ ಬಿದ್ದ ಸಂಭಾಷಣೆಯೊಂದೇ ಈ ಲೇಖನಕ್ಕೆ ಮೂಲ. ಬೆಂಗಳೂರಿನಿಂದ ಹಬ್ಬಕ್ಕೆ ಬಂದಿದ್ದ ಹನ್ನೊಂದು ವರ್ಷದ ಹುಡುಗನ ಕೈಯಲ್ಲಿ ಅಂಗೈಯಗಲದ ಒಂದು ಪ್ಲಾಸ್ಟಿಕ್ ಡಬ್ಬಿ ಇದ್ದಿತು. ಅದರ ಮೈಮೇಲೆ ಸಾಲಿಗೆ ಐದರಂತೆ ಐದು ಸಾಲು ಗುಂಡಿಗಳು. ಕೆಲವು ಬೆಳಗುತ್ತಿದ್ದವು, ಕೆಲವು ಇಲ್ಲ. ಒಂದು ಗುಂಡಿಯನ್ನು ಒತ್ತಿದರೆ ಅದರ ದೀಪವೂ ಅಕ್ಕಪಕ್ಕ ಮೇಲೆಕೆಳಗಿನ ನಾಲ್ಕು ದೀಪಗಳೂ ಒಮ್ಮೆಗೇ ಬದಲಾಗುವುವು. ಉರಿಯುತ್ತಿದ್ದುದು ಆರುವುದು, ಆರಿದ್ದುದು ಉರಿಯುವುದು. ಎಲ್ಲ ದೀಪಗಳನ್ನೂ ಆರಿಸಿದವನು ಗೆದ್ದ ಹಾಗೆ. ಹುಡುಗನ ಅಜ್ಜಿ ಬಹಳ ಹೊತ್ತು ಸುಮ್ಮನೆ ನೋಡುತ್ತ ಕುಳಿತಿದ್ದರು. ಕೊನೆಗೆ ಕೇಳಿದರು:

“ದೀಪ ಆರಿಸೋದೂ ಒಂದು ಆಟವೇನಪ್ಪಾ? ಹಬ್ಬದಾಗೆ ಅಂಥ ಮಾತು ಅನ್ನಬಾರದು. ಶಾಂತ ಮಾಡೋದು ಅನ್ನು.”

“ಸರಿ ಅಜ್ಜಿ, ಶಾಂತ ಮಾಡೋದು.”

“ನಿನ್ನ ಎದುರಿಗೆ ಆಡೋರು ಯಾರು?”

“ಯಾರೂ ಇಲ್ಲ. ಈ ಡಬ್ಬೀನೇ.”

“ಹಂಗಾದ್ರೆ ಸೋತ್ರೆ ಯಾರ ಹತ್ರ ಜಗಳ ಆಡ್ತೀಯ?”

ಹುಡುಗನಿಗೆ ಉತ್ತರ ತೋಚಲಿಲ್ಲ. ನನಗೂ ತೋಚಲಿಲ್ಲವೆಂದು ಒಪ್ಪಿಕೊಳ್ಳುತ್ತೇನೆ. ಆದರೆ ಆ ಪ್ರಶ್ನೆ ಮನಸ್ಸಿನಲ್ಲಿ ಕುಳಿತುಬಿಟ್ಟಿತು. ಬುದ್ಧಿಯ ಆಟವು ಕಲ್ಲಿನ ಹಾಸಿನಿಂದ ಮಣೆಗೆ, ಮಣೆಯಿಂದ ಮಿಣುಕುವ ಡಬ್ಬಿಗೆ ಬಂದ ಕಥೆಯನ್ನು ನೋಡುತ್ತ ಹೋದಂತೆ, ಅದು ಒಂದು ರೀತಿಯಲ್ಲಿ ಎದುರಾಳಿ ಎಲ್ಲಿಗೆ ಹೋದ ಎಂಬುದರ ಕಥೆಯೇ ಎಂದು ತೋರಿತು.

ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ನಾಲ್ಕೂ ಇಂದು ದಾವಣಗೆರೆ ಜಿಲ್ಲೆಗೆ ಸೇರಿದವು. ಒಂದು ಜಿಲ್ಲೆಯೆಂದ ಮಾತ್ರಕ್ಕೆ ಒಂದೇ ಸೀಮೆಯಲ್ಲ. 1997ರಲ್ಲಿ ಜಿಲ್ಲೆಯನ್ನು ರಚಿಸಿದಾಗ ಚನ್ನಗಿರಿ, ಹೊನ್ನಾಳಿಗಳು ಶಿವಮೊಗ್ಗದಿಂದಲೂ ಜಗಳೂರು ಚಿತ್ರದುರ್ಗದಿಂದಲೂ ಬಂದು ಸೇರಿದವು. ನ್ಯಾಮತಿ ಹೊನ್ನಾಳಿಯ ಮಡಿಲಿನಿಂದಿಳಿದು ತಾನೇ ತಾಲ್ಲೂಕಾದದ್ದು ಈಚಿನ ಮಾತು. ಚನ್ನಗಿರಿಗೆ ಸೂಳೆಕೆರೆಯ ನೀರುಂಟು, ಅಡಕೆಯ ತೋಟವುಂಟು. ಹೊನ್ನಾಳಿಯ ಮಗ್ಗುಲಲ್ಲೇ ತುಂಗಭದ್ರೆ. ಜಗಳೂರಿನವರಾದರೋ ಆಕಾಶವನ್ನು ನೋಡುತ್ತ ಬೇಸಾಯ ಮಾಡಿದವರು. ಆದರೂ ಹೆಣ್ಣು ಕೊಟ್ಟು ತರುವ ಸಂಬಂಧ ಈ ಊರುಗಳ ನಡುವೆ ಉದ್ದಕ್ಕೂ ಇದೆ. ಸೊಸೆ ಬರುವಾಗ ಪಾತ್ರೆ ಪಡಗದೊಂದಿಗೆ ಅಳಗುಳಿಮಣೆಯೂ ಬರುತ್ತಿದ್ದಿತು. ಮಣೆಯೊಂದಿಗೆ ತವರಿನ ನಿಯಮವೂ ಬರುತ್ತಿದ್ದಿತು. ಜಗಳ ಹುಟ್ಟುತ್ತಿದ್ದುದು ಅಲ್ಲಿಯೇ.

ಅಳಗುಳಿಮಣೆಯಲ್ಲಿ ಎರಡು ಸಾಲು, ಸಾಲಿಗೆ ಏಳು ಗುಳಿ. ಕಾಯಿ ಎಂದರೆ ಹುಣಸೆಬೀಜವೋ ಹೊಂಗೆಬೀಜವೋ ಕವಡೆಯೋ. ಗುಳಿಗೆ ನಾಲ್ಕು ಕಾಯಿ ಎನ್ನುವವರುಂಟು, ಐದು ಎನ್ನುವವರುಂಟು. ಹಂಚುತ್ತ ಹೋಗಿ ಕೈ ಬರಿದಾದಾಗ ಮುಂದಿನ ಗುಳಿಯಿಂದ ಎತ್ತಬೇಕು. ಮುಂದಿನದು ಬರಿದಾಗಿದ್ದರೆ ಅದರಾಚೆಯದು ನಮ್ಮದು. ಇಷ್ಟು ಎಲ್ಲರಿಗೂ ಒಪ್ಪಿಗೆ. ಆಚೆಯದರ ಎದುರಿನ ಗುಳಿಯೂ ನಮ್ಮದೇ? ಆಟದ ನಡುವೆ ಗುಳಿಯೊಂದರಲ್ಲಿ ನಾಲ್ಕು ಕಾಯಿ ಕೂಡಿದರೆ ಅದು ಯಾರಿಗೆ? ಸೋತವರ ಗುಳಿಗಳು ಮುಂದಿನ ಸುತ್ತಿನಲ್ಲಿ ಮುಚ್ಚಿರಬೇಕೆ? ಇವುಗಳಿಗೆ ಮನೆಗೊಂದು ಉತ್ತರ. ಈ ಆಟದಲ್ಲಿ ಅದೃಷ್ಟಕ್ಕೆ ಎಡೆಯೇ ಇಲ್ಲವೆಂಬುದನ್ನು ವಾಚಕರು ಗಮನಿಸಬೇಕು. ದಾಳವಿಲ್ಲ, ಕವಡೆ ಎಸೆಯುವುದಿಲ್ಲ. ಯಾವ ಗುಳಿಯಿಂದ ಎತ್ತಿದರೆ ಎಲ್ಲಿ ಮುಗಿಯುವುದೆಂದು ಕಣ್ಣಿನಲ್ಲೇ ಎಣಿಸಬಲ್ಲ ಹೆಂಗಸರು ಶಾಲೆಗೆ ಹೋದವರಲ್ಲ. ಆದರೆ ಆ ಎಣಿಕೆ ಅಪ್ಪಟ ಗಣಿತವಾಗಿದ್ದಿತು.

ಗಂಡಸರದು ಹುಲಿಕುರಿ. ಊರಮುಂದಿನ ಕಟ್ಟೆಯ ಕಲ್ಲಿನ ಮೇಲೆ ಇದ್ದಲಿನಲ್ಲಿ ಒಂದು ತ್ರಿಕೋನ, ಅದಕ್ಕೆ ಅಡ್ಡಗೆರೆಗಳು, ಎಲ್ಲ ಕೂಡಿ ಇಪ್ಪತ್ತಮೂರು ಮನೆ. ಮೂರು ಹುಲಿ, ಹದಿನೈದು ಕುರಿ. ಹುಲಿ ಹಾರಿ ತಿನ್ನುತ್ತದೆ. ಕುರಿಗೆ ತಿನ್ನುವ ಶಕ್ತಿಯಿಲ್ಲ, ಒಟ್ಟಾಗಿ ನಿಂತು ದಾರಿ ಕಟ್ಟುವ ಶಕ್ತಿಯುಂಟು. ಎರಡು ಕಡೆಯವರಿಗೂ ಸಮಬಲವಿಲ್ಲದ, ಸಮ ಗುರಿಯೂ ಇಲ್ಲದ ಇಂಥ ಆಟವನ್ನು ಕಂಡುಹಿಡಿದವನು ಹಳ್ಳಿಯ ರಾಜಕೀಯವನ್ನು ಚೆನ್ನಾಗಿ ಬಲ್ಲವನೇ ಇರಬೇಕು. ಇನ್ನು ಸಾಲುಮನೆ: ಒಂದರೊಳಗೊಂದು ಮೂರು ಚೌಕ, ಇಪ್ಪತ್ತನಾಲ್ಕು ಮನೆ, ಒಬ್ಬೊಬ್ಬರಿಗೆ ಒಂಬತ್ತು ಕಾಯಿ, ಮೂರು ಸಾಲಾದರೆ ಎದುರಿನವನ ಒಂದು ಕಾಯಿ ಹೋಯಿತು. ಶಿವರಾತ್ರಿಯ ಜಾಗರಣೆಗೆ ಚೌಕಾಬಾರ. ಅದರಲ್ಲಿ ಕವಡೆಯ ಅದೃಷ್ಟವೂ ಕೂಡಿರುವುದರಿಂದ ಇಲ್ಲಿ ಅದರ ವಿಚಾರ ಬೇಡ.

ಈ ಆಟಗಳು ಎಷ್ಟು ಹಳೆಯವು? ಹಂಪಿಯ ಮಂಟಪಗಳ ಕಲ್ಲುಹಾಸುಗಳ ಮೇಲೆ ಕೊರೆದಿರುವ ಆಟದ ಮನೆಗಳನ್ನು ಆರ್. ವಸಂತ ಮೊದಲಾದ ಸಂಶೋಧಕರು ಸಮೀಕ್ಷೆ ಮಾಡಿದ್ದಾರೆ. ಹುಲಿಕುರಿಯ ತ್ರಿಕೋನ, ಸಾಲುಮನೆಯ ಚೌಕಗಳನ್ನು ಅಲ್ಲಿಗೆ ಹೋದವರು ಇಂದಿಗೂ ಕಾಣಬಹುದು. ಕಲ್ಲು ಹಳೆಯದೆಂದು ಅದರ ಮೇಲಿನ ಗೆರೆಯೂ ಹಳೆಯದೆನ್ನುವಂತಿಲ್ಲ. ನೆನ್ನೆ ದನ ಮೇಯಿಸಲು ಬಂದ ಹುಡುಗನೂ ಗೆರೆ ಎಳೆದಿರಬಹುದು. ಗ್ರಂಥದ ಸಾಕ್ಷ್ಯ ಇದಕ್ಕಿಂತ ಗಟ್ಟಿಯಾದುದು. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 12ನೆಯ ಶತಮಾನದ ಪೂರ್ವಾರ್ಧದಲ್ಲಿ ಬರೆದ ‘ಮಾನಸೋಲ್ಲಾಸ’ದಲ್ಲಿ ಅರಸನ ವಿನೋದಗಳ ನಡುವೆ ಚದುರಂಗವೂ ಪಗಡೆಯೂ ಕವಡೆಯಾಟವೂ ಬರುತ್ತವೆ. ಚದುರಂಗದ ಕುದುರೆಯನ್ನು ಒಂದು ಮನೆಯನ್ನೂ ಬಿಡದೆ, ಯಾವ ಮನೆಗೂ ಎರಡು ಸಲ ಹೋಗದೆ, ಹಾಸಿನ ತುಂಬ ನಡೆಸುವ ಒಗಟೂ ಅಲ್ಲಿದೆ. ಜಗಳೂರಿನ ನೆರೆಯ ಉಚ್ಚಂಗಿದುರ್ಗದ ಪಾಂಡ್ಯರು ಆಗ ಈ ಚಾಲುಕ್ಯರ ಸಾಮಂತರು. ಆದುದರಿಂದ ಆ ಅರಸನ ವಿನೋದಗಳನ್ನು ದೂರದೇಶದ ಸಂಗತಿಯೆಂದು ನಮ್ಮ ಸೀಮೆಯವರು ತಿಳಿಯಬೇಕಾಗಿಲ್ಲ.

ಕುದುರೆಯ ನಡೆಯ ಒಗಟಿನಲ್ಲಿ ಎದುರಾಳಿ ಇಲ್ಲ. ಕೈಯಲ್ಲಿ ಹಿಡಿಯುವ ಈಗಿನ ಡಬ್ಬಿಗಳ ಹಿರಿಯಜ್ಜ ಅದೇ ಎಂದರೆ ತಪ್ಪಲ್ಲ: ಒಬ್ಬ ಮನುಷ್ಯ, ಒಂದು ಹಾಸು, ಬದಲಾಗದ ಒಂದು ನಿಯಮ. ಆ ಒಗಟನ್ನು ಕನ್ನಡನಾಡಿನಲ್ಲಿ ಎಲ್ಲರಿಗಿಂತ ಮುಂದಕ್ಕೆ ಒಯ್ದವರು ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು. ಅವರಿಗೆ ಆ ಬಿಡುವು ಒದಗಿದ್ದರಲ್ಲಿ ನಮ್ಮ ಈ ತಾಲ್ಲೂಕುಗಳ ಕೈವಾಡ ಸ್ವಲ್ಪವಲ್ಲ.

1830ರಲ್ಲಿ ಕಂದಾಯದ ಹೊರೆಯನ್ನೂ ಅಮಲ್ದಾರರ ಕಾಟವನ್ನೂ ತಾಳಲಾರದೆ ನಗರ ಸೀಮೆಯ ರೈತರು ಎದ್ದರು. ಇಂದು ಚನ್ನಗಿರಿ ತಾಲ್ಲೂಕಿನಲ್ಲಿರುವ ಬಸವಾಪಟ್ಟಣದಲ್ಲಿ ರೈತರ ಕೂಟ ಸೇರಿತು. ಹೊನ್ನಾಳಿಯ ಕಡೆಗೂ ದಂಗೆ ಹಬ್ಬಿತು. ಬೂದಿ ಬಸವಪ್ಪನೆಂಬವನು ತಾನೇ ನಗರದ ಅರಸನೆಂದು ಹೊರಟ. ಅಡಗಿಸುವುದಕ್ಕೆ ಕುಂಪಣಿಯ ಸೈನ್ಯ ಬರಬೇಕಾಯಿತು. ಇದನ್ನೇ ಮುಖ್ಯ ಕಾರಣವಾಗಿ ಹಿಡಿದು ಗವರ್ನರ್ ಜನರಲ್ ಬೆಂಟಿಂಕ್ 1831ರ ಅಕ್ಟೋಬರಿನಲ್ಲಿ ಮಹಾರಾಜರಿಂದ ಆಡಳಿತವನ್ನು ಕಿತ್ತುಕೊಂಡನು. 1794ರಲ್ಲಿ ಹುಟ್ಟಿದ ಮುಮ್ಮಡಿಯವರಿಗೆ ಆಗ ಮೂವತ್ತೇಳು ವಯಸ್ಸು. 1868ರ ಮಾರ್ಚಿಯಲ್ಲಿ ತೀರಿಕೊಳ್ಳುವವರೆಗೆ, ಅಂದರೆ ಹೆಚ್ಚುಕಡಿಮೆ ಅರ್ಧ ಆಯುಸ್ಸನ್ನು, ಅವರು ರಾಜ್ಯವಿಲ್ಲದ ರಾಜರಾಗಿ ಕಳೆದರು. ರಾಜ್ಯವನ್ನು ಹಿಂದಿರುಗಿಸಿರೆಂದು ಬರೆದ ಅರ್ಜಿಗಳಿಗೆ ಲೆಕ್ಕವಿಲ್ಲ. ಜಗಳವಾಡಲು ಎದುರಿಗೆ ಯಾರೂ ಕುಳಿತಿರಲಿಲ್ಲ. ಕಾಗದಗಳು ಹಡಗಿನಲ್ಲಿ ಹೋಗಿ ಹಡಗಿನಲ್ಲಿ ಬರುತ್ತಿದ್ದವು.

ಆ ವರ್ಷಗಳಲ್ಲಿ ಅರಮನೆಯಲ್ಲಿ ಬೆಳೆದ ವಿದ್ಯೆಗಳಲ್ಲಿ ಆಟವೂ ಒಂದು. ‘ಶ್ರೀತತ್ತ್ವನಿಧಿ’ಯ ಒಂಬತ್ತು ನಿಧಿಗಳಲ್ಲಿ ಕೊನೆಯದಾದ ‘ಕೌತುಕನಿಧಿ’ಯಲ್ಲಿ ಮಣೆಯ ಆಟ, ಎಲೆಯ ಆಟಗಳ ವಿವರಗಳಿವೆ. ಜಗನ್ಮೋಹನ ಅರಮನೆಯ ರಂಗಮಹಲಿನ ಗೋಡೆಗಳ ಮೇಲೆ ಅವರ ಆಟದ ಹಾಸುಗಳನ್ನು ಚಿತ್ರಿಸಿದೆ. ಕುದುರೆಯ ನಡೆಗಳಂತೂ ಹತ್ತಾರು. ಅವುಗಳಲ್ಲೊಂದು ನಿಜವಾಗಿಯೂ ಅದ್ಭುತವಾದುದು: ಅರುವತ್ತನಾಲ್ಕು ಮನೆಗಳಿಗೆ ಕುದುರೆ ಹೋದ ಕ್ರಮದಲ್ಲಿ 1ರಿಂದ 64ರವರೆಗೆ ಅಂಕಿ ಹಾಕಿದರೆ ಪ್ರತಿ ಅಡ್ಡಸಾಲಿನ ಮೊತ್ತವೂ 260, ಪ್ರತಿ ನೆಟ್ಟಸಾಲಿನ ಮೊತ್ತವೂ 260. ಇಂಥ ನಡೆಯನ್ನು ಯೂರೋಪಿನಲ್ಲಿ ಮೊದಲು ಪ್ರಕಟಿಸಿದವನು ಬೆವರ್ಲಿ ಎಂಬ ಆಂಗ್ಲ, 1848ರಲ್ಲಿ. ಅದೇ ಕಾಲದ ಆಸುಪಾಸಿನಲ್ಲಿ ಮೈಸೂರಿನ ಅರಮನೆಯಲ್ಲಿ ರಾಜ್ಯ ಕಳೆದುಕೊಂಡ ಒಬ್ಬರು ಅದೇ ಗಂಟನ್ನು ಬಿಡಿಸುತ್ತ ಕುಳಿತಿದ್ದರೆಂಬುದನ್ನು ನೆನೆದರೆ ಬೆರಗಾಗುತ್ತದೆ. ಸ್ವಲ್ಪ ವ್ಯಥೆಯೂ ಆಗುತ್ತದೆ. ಬಸವಾಪಟ್ಟಣದ ರೈತರು ತಮ್ಮ ಕಂದಾಯಕ್ಕಾಗಿ ಕೂಗೆಬ್ಬಿಸಿದಾಗ ಆ ಕೂಗು ಚದುರಂಗದ ಹಾಸಿನವರೆಗೆ ಹೋಗಿ ಮುಟ್ಟುವುದೆಂದು ಯಾರು ತಿಳಿದಿದ್ದರು?

ಎದುರಾಳಿಯನ್ನು ಯಂತ್ರದಲ್ಲಿ ತುಂಬುವ ಯತ್ನ ಅಮೆರಿಕದಲ್ಲೂ ನಡೆಯಿತು. 1940ರ ನ್ಯೂಯಾರ್ಕ್ ಮಹಾಮೇಳದಲ್ಲಿ ಎಡ್ವರ್ಡ್ ಕಾಂಡನ್ ಎಂಬ ಭೌತವಿಜ್ಞಾನಿ ನಿಮ್ ಎಂಬ ಆಟವನ್ನಾಡುವ ಯಂತ್ರವನ್ನು ನಿಲ್ಲಿಸಿದ. ಅದರ ತೂಕ ಸುಮಾರು ಒಂದು ಟನ್. ಮೇಳಕ್ಕೆ ಬಂದವರೊಡನೆ ಆಡಿ ಬಹುಪಾಲು ಆಟಗಳನ್ನು ಅದೇ ಗೆದ್ದಿತು. ಒಂದು ಟನ್ ತೂಕದ ಎದುರಾಳಿ ಅಂಗೈಗೆ ಇಳಿಯಲು ಮೂವತ್ತು ಚಿಲ್ಲರೆ ವರ್ಷ ಹಿಡಿಯಿತು. ಒಂದೇ ಸಿಲಿಕಾನ್ ತುಣುಕಿನಲ್ಲಿ ಇಡಿಯ ಗಣಕವನ್ನು ಅಡಗಿಸುವ ವಿದ್ಯೆ 1970ರ ದಶಕದಲ್ಲಿ ಕೈಸೇರಿದ ಮೇಲೆ, 1978ರಲ್ಲಿ ಎರಡು ಆಟಿಕೆಗಳು ಒಟ್ಟಿಗೇ ಅಂಗಡಿಗೆ ಬಂದವು. ಒಂದು ‘ಸೈಮನ್’. ಇದನ್ನು ರೂಪಿಸಿದವರು ರಾಲ್ಫ್ ಬೇರ್ ಮತ್ತು ಹೊವರ್ಡ್ ಮಾರಿಸನ್. ನಾಲ್ಕು ಬಣ್ಣದ ಗುಂಡಿಗಳು ಒಂದು ಕ್ರಮದಲ್ಲಿ ಬೆಳಗಿ ಸ್ವರ ಹೊರಡಿಸುತ್ತವೆ. ಅದೇ ಕ್ರಮದಲ್ಲಿ ನಾವು ಒತ್ತಬೇಕು. ಪ್ರತಿ ಸಲವೂ ಸಾಲು ಒಂದೊಂದು ಉದ್ದವಾಗುತ್ತದೆ. ಬೇರ್ ಬಾಲ್ಯದಲ್ಲಿ ಹಿಟ್ಲರನ ಜರ್ಮನಿಯಿಂದ ಮನೆಮಂದಿಯೊಡನೆ ಪಾರಾಗಿ ಅಮೆರಿಕ ಸೇರಿದವನು.

ಇನ್ನೊಂದು ‘ಮರ್ಲಿನ್’. ಟೆಲಿಫೋನಿನ ಕೈಪಿಡಿಯಂತಿದ್ದ ಈ ಕೆಂಪು ಆಟಿಕೆಯನ್ನು ರೂಪಿಸಿದವರು ಬಾಬ್ ಡಾಯ್ಲ್ ಎಂಬ ಖಗೋಳಶಾಸ್ತ್ರಜ್ಞ, ಆತನ ಹೆಂಡತಿ ಹಾಲಿ, ಆಕೆಯ ಅಣ್ಣತಮ್ಮಂದಿರಲ್ಲೊಬ್ಬ. ಗಂಡ, ಹೆಂಡತಿ, ಭಾವಮೈದುನ ಕೂಡಿ ಮಾಡಿದ ಕುಟುಂಬದ ಆಟಿಕೆ, ಮಾರಿದ್ದೂ ಕುಟುಂಬಗಳಿಗೇ. ಅದರಲ್ಲಿ ಆರು ಆಟಗಳಿದ್ದವು. ಅವುಗಳಲ್ಲೊಂದರ ಹೆಸರು ‘ಮಾಯಾಚೌಕ’ ಎಂಬ ಅರ್ಥದ್ದು: ಮೂರು ಮೂರರ ಒಂಬತ್ತು ದೀಪಗಳು, ಒಂದನ್ನು ಒತ್ತಿದರೆ ನೆರೆಯವೂ ಬದಲಾಗುವುವು, ನಡುವಿನದೊಂದನ್ನು ಬಿಟ್ಟು ಸುತ್ತಲಿನ ಎಂಟೂ ಬೆಳಗಬೇಕು. ಈ ಬೀಜವೇ ಬೆಳೆದು 1995ರಲ್ಲಿ ಟೈಗರ್ ಕಂಪನಿಯ ‘ಲೈಟ್ಸ್ ಔಟ್’ ಎಂಬ ಇಪ್ಪತ್ತೈದು ದೀಪಗಳ ಡಬ್ಬಿಯಾಯಿತು. ನ್ಯಾಮತಿಯ ಜಗಲಿಯ ಮೇಲೆ ಹುಡುಗನ ಕೈಯಲ್ಲಿದ್ದುದು ಆ ವಂಶದ್ದೇ.

ಈ ಆಟದ ಒಳಗುಟ್ಟು ಸೊಗಸಾಗಿದೆ. ಗುಂಡಿಗಳನ್ನು ಯಾವ ಕ್ರಮದಲ್ಲಿ ಒತ್ತಿದರೂ ಫಲ ಒಂದೇ. ಒಂದೇ ಗುಂಡಿಯನ್ನು ಎರಡು ಸಲ ಒತ್ತುವುದೂ ಒಂದೇ, ಒತ್ತದಿರುವುದೂ ಒಂದೇ. ಆದುದರಿಂದ ಪ್ರತಿ ಗುಂಡಿಗೂ ‘ಒತ್ತು’ ಅಥವಾ ‘ಬಿಡು’ ಎಂಬ ಎರಡೇ ತೀರ್ಮಾನ. ಇಪ್ಪತ್ತೈದು ದೀಪಗಳು ಉರಿದು ಆರಿ ಆಗಬಹುದಾದ ವಿನ್ಯಾಸಗಳು 3,35,54,432. ಅವುಗಳಲ್ಲಿ ಕಾಲುಭಾಗವನ್ನು ಮಾತ್ರ ಪೂರ್ತಿ ಶಾಂತ ಮಾಡಲು ಸಾಧ್ಯ. ಮಿಕ್ಕ ಮುಕ್ಕಾಲು ಪಾಲನ್ನು ಬ್ರಹ್ಮನೂ ಬಿಡಿಸಲಾರ. ಬಿಡಿಸಬಹುದಾದ ಯಾವ ವಿನ್ಯಾಸಕ್ಕೂ ಹದಿನೈದಕ್ಕಿಂತ ಹೆಚ್ಚು ಒತ್ತು ಬೇಕಿಲ್ಲ. ಇದನ್ನು ಹುಡುಗನಿಗೆ ಹೇಳಿದೆ. ಅವನು ನನ್ನನ್ನು ಒಮ್ಮೆ ನೋಡಿ ಡಬ್ಬಿಯ ಕಡೆಗೆ ತಿರುಗಿದ. ಆಟ ಆಡುವವನಿಗೆ ಗಣಿತ ಹೇಳುವುದು, ಊಟ ಮಾಡುವವನಿಗೆ ಅಡುಗೆಯ ಲೆಕ್ಕ ಒಪ್ಪಿಸಿದ ಹಾಗೆ.

ಅಮೆರಿಕದ ಈ ಆಟಿಕೆಗಳು ಬಂದ ಕಾಲದಲ್ಲಿ ನಮ್ಮವರಿಗೆ ಅವು ಸಿಗುವಂತಿರಲಿಲ್ಲ. ಬಳಕೆಯ ಸಾಮಾನುಗಳ ಆಮದಿಗೆ ಆಗ ಬಿಗಿಯಾದ ಕಟ್ಟುಗಳಿದ್ದವು. ಆ ಕಟ್ಟುಗಳ ಕೊನೆಯ ಕಂತು ಕಳಚಿದ್ದು 2001ರ ಏಪ್ರಿಲಿನಲ್ಲಿ. ಕೊಲ್ಲಿ ದೇಶಗಳಿಂದ ರಜೆಗೆ ಬಂದವರ ಪೆಟ್ಟಿಗೆಯಲ್ಲಿ ಒಂದೊಂದು ಬಂದಿದ್ದರೆ ಬಂದಿದ್ದೀತು. ನಮ್ಮ ಊರುಗಳ ಮಟ್ಟಿಗೆ ಕೈಯಾಟದ ಯುಗ ಆರಂಭವಾದದ್ದು 1990ರ ದಶಕದಲ್ಲಿ, ‘ಬ್ರಿಕ್ ಗೇಮ್’ ಎಂಬ ಅಗ್ಗದ ಡಬ್ಬಿಯಿಂದ. 1984ರಲ್ಲಿ ಮಾಸ್ಕೋದ ಅಲೆಕ್ಸಿ ಪಾಜಿಟ್ನೊವ್ ರಚಿಸಿದ ‘ಟೆಟ್ರಿಸ್’ ಆಟದ, ಯಾರ ಅಪ್ಪಣೆಯನ್ನೂ ಕೇಳದ ನಕಲು ಅದು. ಮೇಲಿನಿಂದ ಬೀಳುವ ಇಟ್ಟಿಗೆಗಳನ್ನು ತಿರುಗಿಸಿ ಸಾಲು ತುಂಬಿಸಬೇಕು.

ನಾನೊಂದು ಕೊಂಡದ್ದು ಜಾತ್ರೆಯಲ್ಲಿ, ಬಳೆ ಬೆಂಡು ಬತ್ತಾಸಿನ ಅಂಗಡಿಗಳ ಸಾಲಿನಲ್ಲಿ. ಡಬ್ಬಿಯ ಮೇಲೆ 9999 ಆಟಗಳಿವೆಯೆಂದು ಅಚ್ಚಾಗಿದ್ದಿತು. ಮನೆಗೆ ಬಂದು ಎಣಿಸಲು ಕುಳಿತ ನನ್ನ ತಮ್ಮ ಹತ್ತು ಹನ್ನೆರಡಕ್ಕೆ ನಿಲ್ಲಿಸಿದ. ಮಿಕ್ಕವೆಲ್ಲ ಅವೇ, ವೇಗ ಮಾತ್ರ ಬೇರೆ. ಆದರೂ ಆ ಒಂದು ಡಬ್ಬಿ ಇಡಿಯ ಮನೆಯ ಆಟವಾಯಿತೆಂಬುದು ನಿಜ. ಅದು ಒಬ್ಬರು ಆಡುವ ಆಟವೆಂದು ಮಾಡಿದವನು ಭಾವಿಸಿದ್ದ. ಆಡುತ್ತಿದ್ದವರು ಒಂಬತ್ತು ಮಂದಿ. ಅಪ್ಪಯ್ಯ ಬಾಗಿಲ ಹಿಂದಿನ ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಎಲ್ಲರ ಲೆಕ್ಕ ಬರೆಯುತ್ತಿದ್ದರು. ಆಡುವವನ ಬೆನ್ನ ಹಿಂದೆ ನಾಲ್ಕು ತಲೆಗಳು “ತಿರುಗಿಸು, ತಿರುಗಿಸು” ಎಂದು ಕೂಗುತ್ತಿದ್ದವು. ಡಬ್ಬಿಗೆ ಹಾಕುವ ಸೆಲ್ಲಿಗಾಗಿ ಗೋಡೆಯ ಗಡಿಯಾರ ನಿಂತುಹೋದ ದಿನಗಳೂ ಉಂಟು. ಜಗಳವಾಡಲು ಎದುರಾಳಿಯಿಲ್ಲದಿದ್ದರೂ ಸರದಿಗಾಗಿ ಜಗಳವಿದ್ದಿತು.

ಅದನ್ನೂ ಕಳೆದದ್ದು ಮೊಬೈಲು. 1997ರಲ್ಲಿ ನೋಕಿಯಾದ ಫೋನಿನಲ್ಲಿ ಹಾವಿನ ಆಟ ಬಂದಿತು. 2003ರಲ್ಲಿ ಟಾರ್ಚು ಹೊತ್ತ 1100 ಎಂಬ ಫೋನು ಬಂದ ಮೇಲೆ ಅದು ರಾತ್ರಿ ನೀರು ಕಟ್ಟಲು ಹೋಗುವ ರೈತನ ಜೇಬಿಗೂ ಇಳಿಯಿತು. ಪಂಪುಸೆಟ್ಟಿಗೆ ಕರೆಂಟು ಬರುವವರೆಗೆ ಬದುವಿನ ಮೇಲೆ ಕುಳಿತು ಹಾವು ಬೆಳೆಸಿದವರು ಎಷ್ಟೋ ಜನ. ಅಲ್ಲಿಂದ ಮುಂದಿನದು ವಾಚಕರಿಗೆ ಗೊತ್ತೇ ಇದೆ. ಈಗ ತಲೆಗೊಂದು ಫೋನು. ಅಳಗುಳಿಮಣೆಯೂ ಹುಲಿಕುರಿಯೂ ಚೌಕಾಬಾರವೂ ಅದರೊಳಗೇ ಸಿಗುತ್ತವೆ.

ಸಿಗುವುದೇನೋ ಸಂತೋಷವೇ. ಯಂತ್ರವನ್ನು ಹಳಿಯುವುದು ನನ್ನ ಉದ್ದೇಶವಲ್ಲ. ಸಾಲುಮನೆಯನ್ನು ಯೂರೋಪಿನಲ್ಲೂ ಆಡುತ್ತಾರೆ. ಇಬ್ಬರೂ ತಪ್ಪಿಲ್ಲದೆ ಆಡಿದರೆ ಅದು ಸರಿಸಮವಾಗಿಯೇ ಮುಗಿಯುವುದೆಂದು 1993ರಲ್ಲಿ ಸ್ವಿಟ್ಜರ್ಲೆಂಡಿನ ರಾಲ್ಫ್ ಗಾಸರ್ ಗಣಕದ ನೆರವಿನಿಂದ ಸಿದ್ಧಪಡಿಸಿದ. ಅದಕ್ಕಾಗಿ ಪರೀಕ್ಷಿಸಬೇಕಾದ ಸ್ಥಿತಿಗಳು ಸಾವಿರ ಕೋಟಿಯ ಹತ್ತಿರ. ಮನುಷ್ಯನ ಕೈಯಲ್ಲಿ ಆಗುವ ಕೆಲಸವಲ್ಲ. ನನಗೆ ಅಳುಕು ಬೇರೆ ಕಡೆ. ಫೋನಿನ ಅಳಗುಳಿಮಣೆಯಲ್ಲಿ ಗುಳಿಗೆ ಎಷ್ಟು ಕಾಯಿ ಎಂಬುದನ್ನು ಎಲ್ಲೋ ಕುಳಿತ ಒಬ್ಬ ತೀರ್ಮಾನಿಸಿಯಾಗಿದೆ. ಎದುರಿನ ಗುಳಿ ಯಾರಿಗೆ ಎಂದು ವಾದಿಸುವಂತಿಲ್ಲ. ಸಲ್ಲದ ನಡೆಯನ್ನು ಒತ್ತಿದರೆ ಕಾಯಿ ಕದಲುವುದೇ ಇಲ್ಲ. ಚೇಷ್ಟೆಗೆ ಒಂದು ಕಾಯಿಯನ್ನು ಮಡಿಲಿಗೆ ಜಾರಿಸುವಂತಿಲ್ಲ. ಸಣ್ಣ ಮಗುವೆಂದು ಒಂದು ನಡೆಯನ್ನು ಹಿಂದಕ್ಕೆ ಕೊಡುವ ಕರುಣೆಯೂ ಅದಕ್ಕಿಲ್ಲ. ಹೊನ್ನಾಳಿಯ ನಿಯಮ, ಜಗಳೂರಿನ ನಿಯಮ ಎಂಬ ಮಾತೇ ಅಲ್ಲಿ ಹುಟ್ಟುವುದಿಲ್ಲ. ಆ ನಿಯಮಗಳು ಯಾವ ಗ್ರಂಥದಲ್ಲೂ ಇಲ್ಲ. ಮುಮ್ಮಡಿಯವರ ಆಟಗಳಿಗೆ ‘ಕೌತುಕನಿಧಿ’ ಇದೆ, ಗೋಡೆಯ ಚಿತ್ರಗಳಿವೆ. ಚನ್ನಗಿರಿಗೆ ಸೊಸೆಯಾಗಿ ಬಂದ ಹೆಂಗಸೊಬ್ಬಳ ತವರಿನ ನಿಯಮಕ್ಕೆ ಇದ್ದ ನಿಧಿ ಅವಳ ನಾಲಗೆಯೊಂದೇ. ಎಂಬತ್ತು ದಾಟಿದ ಆ ನಾಲಗೆಗಳು ಈಗ ಒಂದೊಂದಾಗಿ ಮೌನವಾಗುತ್ತಿವೆ. ಅವರೊಡನೆ ಕುಳಿತು ಜಗಳವಾಡುವವರಿದ್ದರೆ ತಾನೆ ನಿಯಮ ಬಾಯಿಗೆ ಬರುವುದು?

ಆ ಪಂಚಮಿಯ ಸಂಜೆ ಹುಡುಗನ ಡಬ್ಬಿಯ ಸೆಲ್ಲು ಮುಗಿಯಿತು. ಅಜ್ಜಿ ಅಟ್ಟದ ಮೇಲಿನಿಂದ ಅಳಗುಳಿಮಣೆಯನ್ನು ಇಳಿಸಲು ಹೇಳಿದರು. ಒಂದು ಗುಳಿಯಂಚು ಗೆದ್ದಲು ತಿಂದಿದ್ದಿತು. ಹುಡುಗ ಮೂರನೆಯ ಆಟಕ್ಕೆಲ್ಲ ಕಣ್ಣೆಣಿಕೆ ಕಲಿತುಬಿಟ್ಟ. ನಾನು ಇದೇ ಸಮಯವೆಂದು ಟಿಪ್ಪಣಿಯ ಪುಸ್ತಕವನ್ನು ತೆಗೆದು ಅಜ್ಜಿಯನ್ನು ಕೇಳುತ್ತ ನಿಯಮಗಳನ್ನು ಬರೆಯತೊಡಗಿದೆ. ಅಜ್ಜಿಯ ತವರು ಜಗಳೂರಿನ ಕಡೆ. ನಡುಮನೆಯಿಂದ ಅವರ ವಾರಗಿತ್ತಿ ಬಂದರು, ಅವರದು ಹೊನ್ನಾಳಿ.

“ನಾಲ್ಕು ಕೂಡಿದ್ರೆ ಯಾರ ಕಡೆ ಗುಳಿಯೋ ಅವರಿಗೆ,” ಎಂದರು ಅಜ್ಜಿ.

“ಎಲ್ಲಿಯ ಮಾತಕ್ಕಾ? ಹಾಕಿದವರಿಗೆ!” ಎಂದರು ವಾರಗಿತ್ತಿ.

ಐವತ್ತು ವರ್ಷ ಒಂದೇ ಮನೆಯಲ್ಲಿ ಬಾಳಿದ ಇಬ್ಬರೂ ದೀಪ ಹಚ್ಚುವ ಹೊತ್ತಿನವರೆಗೆ ವಾದಿಸಿದರು. ಹುಡುಗ ಒಮ್ಮೆ ಇವರ ಕಡೆ, ಒಮ್ಮೆ ಅವರ ಕಡೆ ಸೇರಿಕೊಂಡು ತನಗೆ ಲಾಭವಾದ ಕಡೆ ಕಾಯಿ ಬಾಚುತ್ತಿದ್ದ. ನನ್ನ ಪುಸ್ತಕದಲ್ಲಿ ಏಳನೆಯ ನಿಯಮದ ಮುಂದೆ ಎರಡು ಸಾಲಿನಷ್ಟು ಜಾಗ ಇನ್ನೂ ಖಾಲಿಯಾಗಿದೆ.